ಕಾಗದದ ನೆತ್ತಿಯ ಎರಡು ಅಂಕಿ

ಕಾರು ಕಂಪನಿಯೊಂದರಲ್ಲಿ ಮೂವತ್ತೊಂದು ವರ್ಷ ಸರ್ವೀಸ್ ರೆಪ್ರೆಸೆಂಟೇಟಿವ್ ಆಗಿದ್ದು, ನಿವೃತ್ತನಾಗಿ ಮೈಸೂರಿನ ಚಾಮರಾಜಪುರಂನಲ್ಲಿ ನೆಲೆನಿಂತ ಮೂರನೆಯ ವರ್ಷ ನಡೆದ ಸಂಗತಿ ಇದು. ನನ್ನ ಹುದ್ದೆಯ ಹೆಸರು ಉದ್ದ, ಕೆಲಸ ಸರಳ. ಊರೂರಿನ ಡೀಲರುಗಳ ವರ್ಕ್‌ಶಾಪಿಗೆ ಹೋಗಿ, ದೂರು ಬಂದ ಕಾರನ್ನು ಓಡಿಸಿ ನೋಡಿ, ಕಂಪನಿಗೆ ವರದಿ ಬರೆಯಬೇಕು. ನಿವೃತ್ತಿಯಾದ ಮೇಲೆ ಆ ಕಸುಬನ್ನು ಕೇಳುವವರು ಯಾರೂ ಇರಲಿಲ್ಲ. ಆಗ ಪ್ರಸನ್ನನ ಫೋನು ಬಂತು.

ಪ್ರಸನ್ನನಿಗೆ ನಮ್ಮೂರಿನಲ್ಲಿ ದೊಡ್ಡ ಕಾರು ಶೋರೂಮ್ ಇದೆ. ಅವನ ತಾತ ಗುರುಸಿದ್ದಪ್ಪ, ಎರಡನೆಯ ಮಹಾಯುದ್ಧದ ಕಾಲಕ್ಕೂ ಅದರ ನಂತರಕ್ಕೂ ಒಂದು ವಿದೇಶಿ ಕಾರು ಕಂಪನಿಯ ಪ್ರತಿನಿಧಿಯಾಗಿ ದಕ್ಷಿಣವನ್ನೆಲ್ಲ ಸುತ್ತಿದವರು. ಸುತ್ತುತ್ತಾ, ದೂರದ ಊರಿನ ಕಂಪನಿ ಆಫೀಸಿನಲ್ಲಿದ್ದ ತಮ್ಮನಿಗೆ ಕಾಗದ ಬರೆಯುತ್ತಿದ್ದರು. ಆ ಕಾಗದಗಳನ್ನು ಪ್ರಸನ್ನ ಈಗ ಪುಸ್ತಕ ಮಾಡಿಸಿದ್ದ. 'ಯುದ್ಧದ ಹಾದಿಯಲ್ಲೊಬ್ಬ ಧೀರ' ಎಂದು ಹೆಸರು. ಕಾರ್ಬುರೇಟರ್, ಗೇರ್‌ಬಾಕ್ಸ್ ಇತ್ಯಾದಿ ಪದಗಳು ಸರಿಯಾಗಿವೆಯೇ ನೋಡಿಕೊಡಿ ಸಾರ್ ಎಂದು ಮುದ್ರಣದ ಮೊದಲ ಪ್ರತಿಯನ್ನು ನನ್ನ ಮನೆಗೇ ಕಳಿಸಿದ.

ಧೀರ ಎಂಬ ಮಾತನ್ನು ಯಾರು ಯಾರಿಗೆ ಬೇಕಾದರೂ ಅಂಟಿಸಬಹುದು, ಅದಕ್ಕೇನು ಲೈಸೆನ್ಸ್ ಬೇಕಿಲ್ಲ. ಈ ಧೀರ ಯುದ್ಧವನ್ನು ನೋಡಿದ್ದು ಪ್ರವಾಸಿ ಬಂಗಲೆಗಳ ಊಟದ ಮೇಜಿನಿಂದ. ಜನ ಅಕ್ಕಿಗೆ ಸಾಲು ನಿಂತಿದ್ದ ಕಾಲದಲ್ಲಿ, ಬಟ್ಲರ್ ಕೊಟ್ಟ ಆಮ್ಲೆಟ್ ಗಟ್ಟಿಯಾಗಿತ್ತೆಂದು ತಮ್ಮನಿಗೆ ಒಂದೂವರೆ ಪುಟ ಬರೆದಿದ್ದಾರೆ. ಪೆಟ್ರೋಲ್ ಸಿಗದೆ ಕಾರಿನ ಹಿಂದೆ ಇದ್ದಿಲ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದ ದಿನಗಳವು. ಆ ಒಲೆಗೆ ಇದ್ದಿಲು ತುಂಬಿ, ಬೂದಿ ಬಳಿದು, ಮೈಕೈ ಕಪ್ಪು ಮಾಡಿಕೊಂಡವನು ಡ್ರೈವರ್ ಲೂಯಿಸ್. 'ಇಂದು ಗ್ಯಾಸ್ ಪ್ಲಾಂಟನ್ನು ನಾನೇ ಸರಿಪಡಿಸಿದೆ' ಎಂದು ಬರೆದುಕೊಂಡವರು ಗುರುಸಿದ್ದಪ್ಪ. ಯುದ್ಧ ಮುಗಿದು ಹೊಸ ಕಾರುಗಳು ಬರತೊಡಗಿದ ಮೇಲಂತೂ ಕೇಳುವುದೇ ಬೇಡ. ಬುಕಿಂಗಿಗಾಗಿ ದೊಡ್ಡಮನುಷ್ಯರೆಲ್ಲ ಇವರ ಬಾಗಿಲು ಕಾದರಂತೆ, ಯಾರು ಎದ್ದು ನಿಂತು ಕೈಮುಗಿದರು, ಯಾರು ಕೂತೇ ಮುಗಿದರು ಎಂದು ಹೆಸರು ಸಹಿತ ಪಟ್ಟಿ ಇದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಓದುತ್ತಾ ನನಗೆ ನಗು ಬರುವುದರ ಬದಲು ಮೈ ಉರಿಯಿತು.

ಪುಸ್ತಕದ ಎಂಬತ್ತಾರನೆಯ ಪುಟದಲ್ಲಿ ಅಪಘಾತದ ಕಥೆ. ಯುದ್ಧ ಮುಗಿದ ಎರಡನೆಯ ವರ್ಷ ಹೊಸ ಮಾಡೆಲ್ ಕಾರಿನಲ್ಲಿ ಗುಂಡ್ಲುಪೇಟೆಯಿಂದ ಮೈಸೂರಿಗೆ ಬರುವಾಗ, ಹೊರಟು ಹತ್ತು ಮೈಲಿಯಾಗುವ ಹೊತ್ತಿಗೆ ಎತ್ತಿನ ಗಾಡಿಗೆ ಗುದ್ದಿ ಗಾಡಿಯವನು ಸತ್ತ. 'ಲೂಯಿಸನ ಅಜಾಗರೂಕತೆ' ಎಂದು ಮರುದಿನದ ಕಾಗದ. ಲೂಯಿಸ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಹೊರಬಂದ ಮೇಲೆ 'ದಯಾಮಯರಾದ ತಾತನವರು ಅವನನ್ನು ಕ್ಷಮಿಸಿ ಮತ್ತೆ ಕೆಲಸ ಕೊಟ್ಟರು' ಎಂದು ಪ್ರಸನ್ನ ಕೆಳಗೆ ಟಿಪ್ಪಣಿ ಸೇರಿಸಿದ್ದಾನೆ. ಸತ್ತ ಗಾಡಿಯವನ ಹೆಸರು ಪುಸ್ತಕದಲ್ಲಿ ಎಲ್ಲೂ ಇಲ್ಲ. ಆಮ್ಲೆಟ್ ಮಾಡಿದ ಬಟ್ಲರನ ಹೆಸರಿದೆ.

ಪ್ರತಿ ಕಾಗದದ ನೆತ್ತಿಯ ಮೇಲೆ, ಊರು ತಾರೀಖಿನ ಪಕ್ಕದಲ್ಲಿ, ಒಂದರ ಕೆಳಗೊಂದು ಎರಡು ಅಂಕಿಗಳಿದ್ದವು. ಪುಸ್ತಕದ ಅಲಂಕಾರಕ್ಕೆಂದು ಆ ಭಾಗವನ್ನು ಮೂಲ ಕೈಬರಹದಲ್ಲೇ ಫೋಟೊ ಹಿಡಿದು ಪ್ರತಿ ಪುಟದ ತಲೆಗೆ ಹಾಕಿದ್ದರು. ಪ್ರಸನ್ನನಿಗೆ ಫೋನು ಮಾಡಿ, ಇವೇನೆಂದು ಗೊತ್ತೇ ಎಂದು ಕೇಳಿದೆ.

"ಯಾವ್ದೋ ಫೈಲ್ ನಂಬರ್ ಇರ್ಬೇಕು ಬುಡಿ ಸಾರ್. ನೋಡಕ್ಕೆ ಆಂಟಿಕ್ ಲುಕ್ ಬರುತ್ತೆ ಅಂತ ಡಿಸೈನರ್ ಹಾಕವ್ರೆ."

ಮೂರು ತಲೆಮಾರು ಕಾರು ಮಾರಿ ತಿಂದ ಮನೆತನ. ಓಡೋಮೀಟರ್ ಅಂಕಿಯನ್ನು ಕಂಡು ಫೈಲ್ ನಂಬರ್ ಎನ್ನುತ್ತಾನೆ.

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಓಡೋಮೀಟರ್ ಎಂದರೆ ಕಾರು ಒಟ್ಟು ಎಷ್ಟು ಓಡಿದೆ ಎಂದು ತೋರಿಸುವ ಮೀಟರು. ಕಂಪನಿಯ ಪ್ರತಿನಿಧಿ ಕಾರನ್ನು ಹಿಂದಿನ ಸೀಟಿನಲ್ಲಿ ಕೂತು ಅಳೆಯಬಾರದು, ಸ್ವಂತ ಕೈಯಲ್ಲಿ ಓಡಿಸಿ ಅಳೆಯಬೇಕು ಎಂಬುದು ನಮ್ಮ ಕಸುಬಿನ ಹಳೆಯ ನಿಯಮ. ಹಾಗಾಗಿ ವರದಿಯಲ್ಲಿ ಎರಡು ಅಂಕಿ ಬರೆಯಬೇಕು. ಮೇಲಿನದು ಕಾರು ಒಟ್ಟು ಓಡಿದ ಮೈಲಿ, ಕೆಳಗಿನದು ಅದರಲ್ಲಿ ಪ್ರತಿನಿಧಿ ತಾನೇ ಓಡಿಸಿದ ಮೈಲಿ. ಎರಡರ ನಡುವಿನ ವ್ಯತ್ಯಾಸ ಡ್ರೈವರನದು. ನನ್ನ ಕಾಲದಲ್ಲೂ ಫಾರಂ ಹಾಗೇ ಇತ್ತು. ಗುರುಸಿದ್ದಪ್ಪನವರ ವರದಿ ತುಂಬುತ್ತಿದ್ದವನು ಆಫೀಸಿನಲ್ಲಿದ್ದ ಆ ತಮ್ಮ, ಅವನಿಗೆ ತಿಳಿಯಲೆಂದೇ ಇವರು ಪ್ರತಿ ಕಾಗದದ ಮೇಲೆ ಎರಡನ್ನೂ ಗೀಚುತ್ತಿದ್ದರು.

ನಾನು ಇನ್ನೂ ಎಂಬತ್ತಾರನೆಯ ಪುಟದ ಅಂಕಿಗಳನ್ನು ಕಳೆದು ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಗೇಟಿನ ಬಳಿ ಒಬ್ಬ ವೃದ್ಧೆ ಬಂದು ನಿಂತರು. ಬಿಳಿ ಸೀರೆ, ಕೈಯಲ್ಲಿ ಜಪಸರ ಸುತ್ತಿದ ಪರ್ಸು.

"ನಾನು ಫಿಲೋಮಿನಾ ಅಂತ, ರಿಟೈರ್ಡ್ ಮ್ಯಾಥ್ಸ್ ಟೀಚರು. ಲೂಯಿಸ್ ಡ್ರೈವರ್ ಮಗಳು. ಪುಸ್ತಕ ನೋಡ್ತಿರೋ ಸಾರ್ ನೀವೇ ಅಂತೆ. ಇದನ್ನ ತಿದ್ದಿಸ್ಕೊಂಡು ಬನ್ನಿ ಅಂತ ಶೋರೂಮ್ನೋರು ಕಳಿಸಿದ್ರು."

ಟೈಪ್ ಮಾಡಿದ ಒಂದು ಹಾಳೆ ಕೊಟ್ಟರು. ಪುಸ್ತಕ ಬಿಡುಗಡೆಯ ದಿನ ಇವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರಂತೆ. ಇವರು ಎರಡು ನಿಮಿಷ ಮಾತಾಡಬೇಕು. ಮಾತನ್ನೂ ಅವರೇ ಬರೆದುಕೊಟ್ಟಿದ್ದರು: 'ನನ್ನ ತಂದೆಯ ಘೋರ ತಪ್ಪನ್ನು ಮನ್ನಿಸಿ ನಮ್ಮ ಕುಟುಂಬಕ್ಕೆ ಅನ್ನ ನೀಡಿದ ಮಹಾನುಭಾವರಿಗೆ ನಾನು ಚಿರಋಣಿ.' ಥೂ ಎನ್ನಿಸಿತು. ಗುಲಾಮರಿಗಾದರೂ ತಮ್ಮ ಕೃತಜ್ಞತೆಯನ್ನು ತಾವೇ ಹೇಳುವ ಸ್ವಾತಂತ್ರ್ಯ ಇತ್ತೇನೋ.

"ತಿದ್ದೋದಲ್ಲ ನಂಗೆ ಬೇಕಾಗಿರೋದು. ಇದ್ರಲ್ಲಿ ಸುಳ್ಳಿದೆಯಾ ಅಂತ ಹೇಳಿ," ಎಂದರು ಫಿಲೋಮಿನಾ.

ಕೂರಿಸಿ ಕಾಫಿ ಕೊಟ್ಟೆ. ಅಪಘಾತವಾದಾಗ ಅವರು ಒಂದು ವರ್ಷದ ಕೂಸು. ಬೆಳೆದದ್ದೆಲ್ಲ 'ಗಾಡಿಯವನನ್ನು ಕೊಂದವನ ಮಗಳು' ಎಂಬ ಹೆಸರಿನಲ್ಲಿ. ಲೂಯಿಸ್ ಆ ವಿಷಯ ಎತ್ತುತ್ತಲೇ ಇರಲಿಲ್ಲ. ಮಗಳಿಗೆ ಇಪ್ಪತ್ತೆರಡು ತುಂಬಿ ಆಗಷ್ಟೇ ಶಾಲೆಗೆ ಸೇರಿದ್ದಾಗ, ಸಾಯುವ ವಾರದಲ್ಲಿ, ಒಮ್ಮೆ ಮಾತ್ರ ಎತ್ತಿದ.

"ಅವತ್ತು ನಾನು ಸ್ಟೀರಿಂಗ್ ಮುಟ್ಟಿಲ್ಲ ಕಣಮ್ಮ ಅಂದ್ರು. ಒಪ್ಕೋ, ಸಂಸಾರ ನೋಡ್ಕೋತೀನಿ ಅಂದಿದ್ರಂತೆ ಯಜಮಾನ್ರು. ನಾನು ನಂಬ್ಲಿಲ್ಲ. ಕೋರ್ಟಲ್ಲಿ ನೀನೇ ಒಪ್ಕೊಂಡಿದೀಯಲ್ಲಪ್ಪ, ಸಾಯೋ ಟೈಮಲ್ಲಿ ಸುಳ್ಳು ಯಾಕೆ ಅಂದ್ಬುಟ್ಟೆ. ಚರ್ಚಿಗೆ ಓಡೋಗಿ ಫಾದರ್‌ನ ಕರ್ಕೊಂಡ್ ಬಂದೆ, ಪಾಪನಿವೇದನೆ ಮಾಡಿಸಕ್ಕೆ. ಅಪ್ಪ ನನ್ ಮುಖಾನೇ ನೋಡಿದ್ರು. ಆಮೇಲೆ ಫಾದರ್ ಹತ್ರ ಮಾತಾಡಿದ್ರು. ಏನ್ ಹೇಳಿದ್ರೋ, ಅದು ಯಾರಿಗೂ ಗೊತ್ತಾಗಲ್ಲ."

ನಾನು ಪುಸ್ತಕ ತೆರೆದು ಎರಡು ಅಂಕಿಯ ನಿಯಮವನ್ನು ವಿವರಿಸಿದೆ. ಅವರು ಪೆನ್ಸಿಲು ಕೇಳಿದರು. ಗುಂಡ್ಲುಪೇಟೆಯ ಬಂಗಲೆಯಲ್ಲಿ ಬರೆದ ಕಾಗದದ ಮೇಲೆ 1842, ಅದರ ಕೆಳಗೆ 611. ಮರುದಿನ ಮೈಸೂರಿನಲ್ಲಿ ಬರೆದ ಕಾಗದದ ಮೇಲೆ 1881, ಕೆಳಗೆ 650. ಕಾರು ಓಡಿದ್ದು ಮೂವತ್ತೊಂಬತ್ತು ಮೈಲಿ. ಗುರುಸಿದ್ದಪ್ಪ ತಾವೇ ಓಡಿಸಿದ್ದು ಮೂವತ್ತೊಂಬತ್ತು ಮೈಲಿ.

"ಒಂದೇ ಸಲಕ್ಕೆ ನಂಬಕ್ಕಾಗಲ್ಲ. ಹಿಂದಿಂದು ತೋರ್ಸಿ," ಎಂದರು ಟೀಚರು.

ಹಿಂದಿನದು ಊಟಿಯ ಕಾಗದ: 1778, ಕೆಳಗೆ 599. ಊಟಿಯಿಂದ ಗುಂಡ್ಲುಪೇಟೆಗೆ ಅರವತ್ತನಾಲ್ಕು ಮೈಲಿ, ಅದರಲ್ಲಿ ಗುರುಸಿದ್ದಪ್ಪನವರದು ಹನ್ನೆರಡು. ಘಟ್ಟದ ತಿರುವುಗಳೆಲ್ಲ ಲೂಯಿಸನಿಗೆ, ನೇರ ರಸ್ತೆ ಯಜಮಾನರಿಗೆ. ಪುಸ್ತಕದುದ್ದಕ್ಕೂ ಲೆಕ್ಕ ಹೀಗೇ ಇತ್ತು. ಆ ಒಂದು ದಿನ ಮಾತ್ರ ಹೊಸ ಕಾರಿನ ಹುಮ್ಮಸ್ಸಿನಲ್ಲಿ ಧೀರರು ಬಂಗಲೆಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗೆ ಸ್ಟೀರಿಂಗ್ ಬಿಟ್ಟಿರಲಿಲ್ಲ. ಕಾಗದದೊಳಗೆ ಸುಳ್ಳು ಬರೆದರು. ನೆತ್ತಿಯ ಅಂಕಿಗಳನ್ನು ಅಭ್ಯಾಸಬಲದಿಂದ ಸರಿಯಾಗೇ ಬರೆದರು. ತಪ್ಪು ಇವರದು, ಜೈಲು ಲೂಯಿಸನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ಫಿಲೋಮಿನಾ ಪೆನ್ಸಿಲು ಕೆಳಗಿಟ್ಟರು. ಅಳಲಿಲ್ಲ. "ಅಪ್ಪ ಹೋಗಿ ಐವತ್ತು ವರ್ಷಕ್ಕೂ ಮೇಲಾಯ್ತು," ಎಂದರು. "ಮಕ್ಳಿಗೆ ಕಳೆಯೋ ಲೆಕ್ಕ ಹೇಳ್ಕೊಟ್ಟಿದ್ದೇ ಬಂತು. ಅಪ್ಪ ಹೇಳಿದ್ದನ್ನ ಕೇಳಿಸ್ಕೊಳ್ಲಿಲ್ಲ ನಾನು."

ಅಂದು ಮಧ್ಯಾಹ್ನವೇ ನಾನು ಶೋರೂಮಿಗೆ ಹೋದೆ. ಪ್ರಸನ್ನ ಗಾಜಿನ ಕೋಣೆಯಲ್ಲಿ ಕೂತಿದ್ದ. ಅಂಕಿಗಳನ್ನು ಬರೆದು ತೋರಿಸಿದೆ.

"ಆಕ್ಸಿಡೆಂಟ್ ಆದ್ಮೇಲೆ ತಾತ ಓಡಿಸ್ಕೊಂಡ್ ಬಂದಿರ್ತಾರೆ ಸಾರ್," ಎಂದ.

ಅಪಘಾತವಾದದ್ದು ಹತ್ತನೆಯ ಮೈಲಿಯಲ್ಲಿ, ಅಲ್ಲಿಯವರೆಗೆ ಲೂಯಿಸ್ ಓಡಿಸಿದ್ದರೆ ಕೆಳಗಿನ ಅಂಕಿ ಹತ್ತು ಕಡಿಮೆ ಇರಬೇಕಿತ್ತು ಎಂದೆ. ಅವನು ತನ್ನ ಮೊಬೈಲಿನ ಬೆನ್ನು ಉಜ್ಜಿದ.

"ಅಂಗಾದ್ರೆ ಆ ನಂಬರ್‌ಗಳ್ನ ತೆಗೆಸ್ಬುಡಣ. ಪುಸ್ತಕ ಇನ್ನೂ ಬೈಂಡಿಂಗ್ ಆಗ್ತಾ ಇದೆ, ಒಂದು ಹಾಳೆ ಬದಲಾಯಿಸಿದ್ರಾಯ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ಕಥೆಯನ್ನು ತೆಗೆಸೋಣ ಎನ್ನಲಿಲ್ಲ, ಲೂಯಿಸನ ಹೆಸರಿಗೆ ಹತ್ತಿದ ಮಸಿಯನ್ನು ಒರೆಸೋಣ ಎನ್ನಲಿಲ್ಲ. ಸಾಕ್ಷಿಯನ್ನು ತೆಗೆಸೋಣ ಎಂದ. ತೆಗೆಸಿದರೆ ಮೊದಲ ಪ್ರತಿ ನನ್ನ ಮನೆಯಲ್ಲೇ ಇರುತ್ತದೆ, ಮರೆಯಬೇಡ ಎಂದು ಹೇಳಿ ಎದ್ದೆ. ಹಿಂದಿನಿಂದ ಅವನು, "ಸತ್ತೋರ ವಿಷ್ಯ ಯಾಕ್ ಸಾರ್ ಕೆದಕ್ತೀರಿ," ಎಂದು ಗೊಣಗಿದ. ಸತ್ತವನ ಹೆಸರಿನಲ್ಲಿ ಮುನ್ನೂರು ಪುಟ ಕೆದಕಿದವನು ಆಡುವ ಮಾತು.

ಹಾಳೆ ಬದಲಾಗಲಿಲ್ಲ. ನನ್ನ ಮಾತಿಗೆ ಹೆದರಿದನೋ, ಮುದುಕಿ ಏನು ಮಾಡಿಯಾಳೆಂಬ ಉಡಾಫೆಯೋ ತಿಳಿಯದು. ಬಿಡುಗಡೆ ಭಾನುವಾರ ಬೆಳಿಗ್ಗೆ ಶೋರೂಮಿನಲ್ಲೇ ನಡೆಯಿತು. ಮುಂದಿನ ಸಾಲುಗಳಲ್ಲಿ ಡೀಲರುಗಳು, ಕಾರು ಕೊಂಡ ಗಣ್ಯರು, ಎಲ್ಲರ ತೊಡೆಯ ಮೇಲೂ ಒಂದೊಂದು ಪುಸ್ತಕ. ಹಿಂದೆ ಗೋಡೆಗೆ ಒರಗಿ ಅವರ ಡ್ರೈವರುಗಳು. ಭಾಷಣಗಳಲ್ಲಿ ಗುರುಸಿದ್ದಪ್ಪ ಹೆಚ್ಚುಕಡಿಮೆ ಯುದ್ಧವನ್ನೇ ಗೆದ್ದರು. ಆಮೇಲೆ ಫಿಲೋಮಿನಾ ಅವರಿಗೆ ಶಾಲು ಹೊದಿಸಿ ಮೈಕ್ ಕೊಟ್ಟರು. ಅವರು ಟೈಪ್ ಮಾಡಿದ ಹಾಳೆಯನ್ನು ಪರ್ಸಿನಿಂದ ತೆಗೆಯಲೇ ಇಲ್ಲ.

"ಎಲ್ರೂ ಎಂಬತ್ತಾರನೇ ಪುಟ ತೆಗೀರಿ," ಎಂದರು. ಟೀಚರ್ ದನಿ, ಜನ ತೆಗೆದರು. "ಮೇಲ್ಗಡೆ ಎರಡು ನಂಬರ್ ಇದಾವೆ. ಹಿಂದಿನ ಕಾಗದದ ಮೇಲೂ ಎರಡಿದಾವೆ. ಮೇಲಿಂದು ಕಾರ್ ಓಡಿದ್ದು, ಕೆಳಗಿಂದು ಯಜಮಾನ್ರು ಓಡಿಸಿದ್ದು. ಕಳೀರಿ." ಎಲ್ಲರೂ ಕಳೆದು ಮುಗಿಸಲೆಂದು ಕಾದರು. ಕಾರು ಕೊಳ್ಳುವವರಿಗೆ, ಮಾರುವವರಿಗೆ ಓಡೋಮೀಟರ್ ಲೆಕ್ಕ ಹೇಳಿಕೊಡಬೇಕಿಲ್ಲ. ಮುಂದಿನ ಸಾಲಿನಲ್ಲಿ ತಲೆಗಳು ಒಂದೊಂದಾಗಿ ಪುಸ್ತಕದಿಂದ ಮೇಲೆದ್ದು ಪ್ರಸನ್ನನ ಕಡೆ ತಿರುಗಿದವು. "ನಮ್ಮಪ್ಪ ಲೂಯಿಸ್ ಅವತ್ತು ಒಂದು ಮೈಲಿನೂ ಓಡಿಸಿಲ್ಲ. ಅಷ್ಟೇ ನಾನ್ ಹೇಳೋದು." ಶಾಲು ಮಡಿಸಿ ಕುರ್ಚಿಯ ಮೇಲಿಟ್ಟು ಕೆಳಗಿಳಿದರು. ಚಪ್ಪಾಳೆ ಬರಲಿಲ್ಲ. ಹಿಂದೆ ನಿಂತಿದ್ದ ಡ್ರೈವರುಗಳು ಅವರಿಗೆ ದಾರಿ ಬಿಟ್ಟು ಸರಿದು ನಿಂತರು.

ಹೊರಗೆ ಆಟೋ ಕಾಯುತ್ತಾ ನಾನು ಪ್ರಸನ್ನನನ್ನೂ ಅವನ ತಾತನನ್ನೂ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಫಿಲೋಮಿನಾ ಕೇಳಿಸಿಕೊಂಡರು. ಆಮೇಲೆ, "ನೀವೂ ಕಂಪನಿಗೆ ರಿಪೋರ್ಟ್ ಬರೀತಿದ್ರಲ್ಲ," ಎಂದರು. "ಗೇರ್‌ಬಾಕ್ಸು, ಕ್ಲಚ್ಚು ಹೋದ್ರೆ ಏನಂತ ಬರೀತಿದ್ರಿ?"

ಇದ್ದದ್ದನ್ನೇ ಹೇಳಿದೆ. ಹೆಚ್ಚಿನ ಸಲ 'ಚಾಲಕನ ದೋಷ' ಎಂದು. ಹಾಗೆ ಬರೆದರೆ ಕಂಪನಿ ವಾರಂಟಿ ಕೊಡಬೇಕಿಲ್ಲ, ಮಾಲೀಕನಿಗೂ ಬೈಯಲು ಒಬ್ಬ ಸಿಗುತ್ತಿದ್ದ.

"ಡ್ರೈವರ್‌ನ ಕರ್ದು ಕೇಳ್ತಿದ್ರಾ?"

"ಇಲ್ಲ," ಎಂದೆ. "ಮಾಲೀಕರನ್ನ ಕೇಳ್ತಿದ್ದೆ."

"ಆಮೇಲೆ ಅವ್ರು ಆ ಡ್ರೈವರ್‌ನ ಇಟ್ಕೋತಿದ್ರಾ?"

ನಾನು ಯಾವತ್ತೂ ತಿರುಗಿ ಹೋಗಿ ನೋಡಿರಲಿಲ್ಲ. ಆಟೋ ಬಂತು, ಅವರು ಹತ್ತಿ ಕೂತರು. ಕಾರು ಕೆಟ್ಟದ್ದಕ್ಕೆ ಕಾರಣ ಹುಡುಕುವುದೇ ನನ್ನ ಕೆಲಸ ಎಂದು ಮೂವತ್ತೊಂದು ವರ್ಷ ತಿಳಿದಿದ್ದೆ. ಬಾಯಿ ಬಿಡಲಾರದ ಒಬ್ಬನನ್ನು ಹುಡುಕುವುದು ನನ್ನ ಕೆಲಸವಾಗಿತ್ತು, ಮತ್ತು ಅದನ್ನು ನಾನು ಚೆನ್ನಾಗಿ ಮಾಡಿದೆ. ಗುರುಸಿದ್ದಪ್ಪ ಸುಳ್ಳು ಬರೆದದ್ದು ಒಬ್ಬನೇ ಒಬ್ಬ ಲೂಯಿಸನ ಮೇಲೆ.