ಮುತ್ಲಾದ ಬಾಚಣಿಗೆ

ಶುಕ್ರವಾರ ಬೆಳಿಗ್ಗೆ ಅಹ್ಮದಿಯಿಂದ ಹೊರಡುವಾಗಲೇ ಆಕಾಶ ತೊಳೆಯದ ಕಾವಲಿಯ ಹಾಗಿತ್ತು. ಕುವೈತ್ ಎಂದರೆ ಬಿಸಿಲು ಎಂದು ಊರಿನಲ್ಲಿ ಕುಳಿತು ಹೇಳುವವರು ಜನವರಿಯಲ್ಲಿ ಇಲ್ಲಿಗೆ ಬಂದು ಒಂದು ಸ್ವೆಟರಿನಲ್ಲಿ ನಿಂತು ನೋಡಲಿ. ನಾನು ಎರಡು ಹಾಕಿದ್ದೆ. ಸೀರೆಯನ್ನು ಕಾಲಗಂಟಿನ ಮೇಲೆ ಎತ್ತಿ ಕಟ್ಟಿ, ಮಗಳು ಫ್ಲೇವಿಯಾಳ ಕ್ಯಾನ್ವಾಸ್ ಬೂಟು ಮೆಟ್ಟಿದ್ದೆ. ಅವಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಹಾಗಾಗಿ ನನ್ನನ್ನು ಗುಡ್ಡೆ ಹತ್ತಿಸುವ ಕೆಲಸ ಅಳಿಯ ವಾಲ್ಟರನ ತಲೆಗೆ ಬಿತ್ತು. ಅವನು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನೀಶಿಯನ್. ರಜೆಯ ದಿನ ಮಲಗಬೇಕೆಂದಿದ್ದ.

"ಮಾಂಯ್, ಸಮುದ್ರ ನೋಡ್ಲಿಕ್ಕೆ ಅಷ್ಟು ದೂರ ಯಾಕೆ? ಇಲ್ಲಿಂದ ಕಾರಲ್ಲಿ ಹತ್ತು ನಿಮಿಷ. ಬರುವಾಗ ಮೀನೂ ತರಬಹುದು."

"ಆ ಸಮುದ್ರ ಅಲ್ಲ. ಮುತ್ಲಾ ಗುಡ್ಡೆಯಿಂದ ಕಾಣುವ ಸಮುದ್ರ. ಕಾಣ್ತದಾ ಇಲ್ವಾ ಅಂತ ನನಗೆ ಗೊತ್ತಾಗ್ಬೇಕು."

"ಇವತ್ತು ಮೋಡ ಉಂಟಲ್ಲ."

"ಮುಂದಿನ ಶುಕ್ರವಾರ ನಾನು ವಿಮಾನದಲ್ಲಿರ್ತೇನೆ. ನಡಿ ನಡಿ."

ಯಾಕೆಂದು ಹೇಳುತ್ತೇನೆ. ಗಂಡ ಸತ್ತ ಮೇಲೆ ನಾನು ಇದೇ ದೇಶದ ಜಹ್ರಾದಲ್ಲಿ ಒಂದು ಮನೆಯ ಅಡಿಗೆಗೆ ಸೇರಿದ್ದೆ, ಹನ್ನೆರಡು ವರ್ಷ. ಬಟ್ಟೆ ಒಣಗಿಸಲು ಟೆರೇಸಿಗೆ ಹೋದರೆ ಬಡಗಿನಲ್ಲಿ ಮಸಿಯಿಂದ ಎಳೆದ ಗೆರೆಯ ಹಾಗೆ ಒಂದು ಉದ್ದನೆಯ ದಿಣ್ಣೆ. ಬೇರೆ ನೋಡಲು ಏನೂ ಇರಲಿಲ್ಲ. ನಾನು ಹುಟ್ಟಿದ್ದು, ಬೆಳೆದದ್ದು ಉಳ್ಳಾಲದ ಕಡಲ ಬದಿಯಲ್ಲಿ. ಮೊದಲ ತಿಂಗಳಲ್ಲೇ ಬ್ಯಾಗು ಕಟ್ಟಿದ್ದೆ. ಆಗ ಆ ಮನೆಯ ಡ್ರೈವರ್ ಹಮೀದ್ ಬ್ಯಾರಿ, ನಮ್ಮ ಕಡೆಯವರೇ, ಕಾರು ತೊಳೆಯುತ್ತಾ ಹೇಳಿದರು: "ಬಾಯಿ, ಆ ಗುಡ್ಡೆ ಮೇಲೆ ನಿಂತ್ರೆ ಸಮುದ್ರ ಕಾಣ್ತದೆ. ನಾನು ನೋಡಿದ್ದೇನೆ. ಒಂದು ದಿನ ಕರ್ಕೊಂಡು ಹೋಗ್ತೇನೆ. ಅಲ್ಲಿವರೆಗೆ ಇರಿ."

ನಾನು ಇದ್ದೆ. ಅವರು ಕರೆದುಕೊಂಡು ಹೋಗಲಿಲ್ಲ. ಕಾರು ಕಫೀಲನದು, ಅಂದರೆ ನಮ್ಮನ್ನು ಕೆಲಸಕ್ಕಿಟ್ಟ ಧಣಿಯದು, ರಜೆಯೂ ಅವನದೇ. "ಗುಡ್ಡೆ ಹೇಗುಂಟು ಹೇಳಿ ನೋಡುವಾ" ಎಂದು ಒಮ್ಮೆ ಕೆಣಕಿದಾಗ, "ಬಾಚಣಿಗೆ ಹಾಗೆ" ಎಂದರು. ಗುಡ್ಡೆ ಎಲ್ಲಾದರೂ ಬಾಚಣಿಗೆಯ ಹಾಗಿರುತ್ತದಾ? ಅಳುವ ಹೆಂಗಸನ್ನು ಸುಮ್ಮನಿರಿಸಲು ಬಾಯಿಗೆ ಬಂದದ್ದು ಹೇಳಿದ್ದಾರೆ ಎಂದು ಅಂದೇ ತೀರ್ಮಾನ ಮಾಡಿದೆ. ಈಗ ಇಬ್ಬರೂ ಕೆಲಸ ಬಿಟ್ಟು ಊರು ಸೇರಿದ್ದೇವೆ; ನಾನು ಈ ಸಲ ಬಂದದ್ದು ಮಗಳನ್ನು ನೋಡಲು. ಪ್ರತಿ ಕ್ರಿಸ್ಮಸ್ಸಿಗೆ ಅವರು ನಮ್ಮ ಮನೆಗೆ ಕುಸ್ವಾರ್ ತಿಂಡಿ ತಿನ್ನಲು ಬಂದಾಗ ನಾನು ಸುಳ್ಳ ಎನ್ನುತ್ತೇನೆ, ಅವರು ನಗುತ್ತಾರೆ. ಆದರೆ ಒಂದು ಸುಳ್ಳನ್ನು ನಂಬಿ ಹನ್ನೆರಡು ವರ್ಷ ಇನ್ನೊಬ್ಬರ ಪಾತ್ರೆ ತಿಕ್ಕಿದೆನೋ ಏನೋ ಎನ್ನುವುದು ನನಗೆ ನಗುವ ವಿಷಯವಲ್ಲ.

ಅಹ್ಮದಿಯಿಂದ ಮುತ್ಲಾಕ್ಕೆ ಸುಮಾರು ಎಂಬತ್ತು ಕಿಲೋಮೀಟರ್. ದಾರಿಯಲ್ಲಿ ವಾಲ್ಟರ್ ಎರಡು ದಿನಾರಿನ ಪೆಟ್ರೋಲ್ ಹಾಕಿಸಿ, ಬಿಸಿ ಕುಬ್ಬೂಸ್ ರೊಟ್ಟಿ ತೆಗೆದುಕೊಂಡ. ಬೇಯಿಸಿದ ಮೊಟ್ಟೆ ನಾನು ತಂದಿದ್ದೆ. ಜಹ್ರಾ ದಾಟಿದ ಮೇಲೆ ರಸ್ತೆ ಬಿಟ್ಟು, ಮರಳ ದಾರಿಯಲ್ಲಿ ಕುಲುಕಾಡಿ, ಗುಡ್ಡೆಯ ಬುಡದಲ್ಲಿ ಕಾರು ನಿಲ್ಲಿಸಿದೆವು.

"ಕಬ್ಬಿಣದ ತುಂಡು ಎಂತಾದ್ರೂ ಕಂಡ್ರೆ ಮುಟ್ಟಬೇಡಿ ಮಾಂಯ್. ಯುದ್ಧದ ಕಾಲದ ಬಾಂಬು ಇನ್ನೂ ಇರ್ತದಂತೆ."

"ನಾನು ಗುಜರಿ ಹೆಕ್ಕಲು ಬಂದದ್ದಲ್ಲ."

ಹತ್ತುವುದು ಹೆಚ್ಚಿಲ್ಲ, ನಮ್ಮ ಊರಿನ ಇಗರ್ಜಿಯ ಗುಡ್ಡೆಯಷ್ಟೇ. ಆದರೆ ಕಾಲಡಿಯ ಸಣ್ಣ ಕಲ್ಲು ಒಂದು ಹೆಜ್ಜೆ ಕೊಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ತೆಗೆದುಕೊಳ್ಳುತ್ತಿತ್ತು. ಮೇಲೆ ಬಂದು ಉಸಿರು ಹಿಡಿದು ಹಿಂಬದಿ ನೋಡಿದೆ. ಇಷ್ಟು ವರ್ಷ ಆಚೆ ಏನಿರಬಹುದು ಎಂದು ಎಣಿಸಿದ್ದೆನಲ್ಲ, ಆಚೆ ಇಳಿಜಾರೇ ಇರಲಿಲ್ಲ. ನಾವು ನಿಂತ ಎತ್ತರದಲ್ಲೇ ನೆಲ ಚಾಪೆ ಹಾಸಿದ ಹಾಗೆ ಹೋಗುತ್ತಿತ್ತು. ಗುಡ್ಡೆಗೆ ಎದುರು ಮಾತ್ರ, ಬೆನ್ನು ಇಲ್ಲ. ಇನ್ನು ಸಮುದ್ರ ಇರಬೇಕಾದ ತೆಂಕು ಬದಿಯಲ್ಲಿ ಬೂದಿ ಬಣ್ಣದ ಮಂಜು ತುಂಬಿತ್ತು.

ವಾಲ್ಟರ್ ಮೊಬೈಲು ತೋರಿಸಿದ. "ನೋಡಿ, ಮ್ಯಾಪಲ್ಲಿ ನೀಲಿ ಉಂಟು. ಸಮುದ್ರ ಇಲ್ಲೇ. ಹೋಗುವಾ?"

"ಮ್ಯಾಪಲ್ಲಿ ನಮ್ಮ ಮನೆಯೂ ಉಂಟು. ಇಲ್ಲಿಂದ ಕಾಣ್ತದಾ?"

ಮುಂದೆ ಹೋದರೆ ಮಂಜು ತೆಳುವಾದೀತು ಎಂದು ಅಂಚಿನ ಮೇಲೆ ಮೂಡಣಕ್ಕೆ ನಡೆದೆವು. ಆಗ ಶುರುವಾಯಿತು ಪೇಚಾಟ. ಕೆಳಗಿನಿಂದ ಒಂದೇ ಗೆರೆಯಾಗಿ ಕಾಣುವ ಗುಡ್ಡೆ ಮೇಲೆ ಒಂದೇ ಗೆರೆಯಾಗಿಲ್ಲ. ಸ್ವಲ್ಪ ನಡೆಯುವಷ್ಟರಲ್ಲಿ ಮಳೆನೀರು ಕೊರೆದ ಆಳದ ಕಣಿವೆ ಅಡ್ಡ. ಅದನ್ನು ದಾಟಲು ಒಳಗೊಳಗೆ ಹೋಗಿ, ಕಣಿವೆ ಶುರುವಾಗುವಲ್ಲಿ ಬಳಸಿ ಬಂದು, ಮತ್ತೆ ಅಂಚು ಹಿಡಿಯಬೇಕು. ಹಿಡಿದರೆ ಇನ್ನೊಂದು ಕಣಿವೆ. ಒಂದು ಹಲ್ಲು, ಒಂದು ಸಂದು, ಇನ್ನೊಂದು ಹಲ್ಲು. ನಾಲ್ಕನೆಯದೋ ಐದನೆಯದೋ ಸಂದಿನಲ್ಲಿ ನಾನು ನಿಂತುಬಿಟ್ಟೆ.

"ಎಂತ ಆಯ್ತು? ಗಂಟು ನೋವಾ?"

"ಬಾಚಣಿಗೆ, ವಾಲ್ಟರ್."

"ಬಾಚಣಿಗೆ ಈಗ ಯಾಕೆ ಮಾಂಯ್?"

ಅಲ್ಲಿಂದಲೇ ಊರಿಗೆ ಫೋನು ಹಚ್ಚಿಸಿದೆ. ಹಮೀದ್ ಬ್ಯಾರಿ ಆಗಷ್ಟೇ ಜುಮಾ ನಮಾಜು ಮುಗಿಸಿ ಮನೆಗೆ ಬಂದಿದ್ದರು.

"ನೀವು ಈ ಗುಡ್ಡೆ ಹತ್ತಿದ್ದು ಯಾವಾಗ? ಸತ್ಯ ಹೇಳಿ."

"ನೀವು ಬರುವ ಮೊದಲು ಬಾಯಿ. ಕಫೀಲನ ಒಂಟೆ ತಪ್ಪಿಸಿಕೊಂಡಿತ್ತು, ಹುಡುಕ್ಲಿಕ್ಕೆ ಕಳಿಸಿದ್ರು. ಆ ಸಂದು ಈ ಸಂದು ಅಂತ ಇಡೀ ದಿನ ನಡೆದದ್ದು. ಒಂಟೆ ಸಿಗ್ಲಿಲ್ಲ, ಸಮುದ್ರ ಸಿಕ್ಕಿತು."

"ಇದನ್ನು ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಎಲ್ಲಿ ಕೇಳಿದ್ರಿ? ಸುಳ್ಳ ಅಂತ ಬೈದದ್ದು ಮಾತ್ರ. ಈಗ ಕಾಣ್ತಾ ಉಂಟಲ್ಲ ಸಮುದ್ರ?"

"ಇಲ್ಲ. ಮಂಜು."

"ಮಂಜಿನ ಹಿಂದೆ ಉಂಟು."

"ಹಾಗೆ ಯಾರು ಬೇಕಾದ್ರೂ ಹೇಳಬಹುದು," ಎಂದು ಫೋನು ಇಟ್ಟೆ. ಅಷ್ಟು ಬೇಗ ಸೋಲು ಒಪ್ಪಿದರೆ ಬರುವ ಕ್ರಿಸ್ಮಸ್ಸಿಗೆ ಅವರನ್ನು ತಡೆಯುವವರು ಯಾರು?

ಹನಿ ಬೀಳತೊಡಗಿತು. ಚಳಿಗಾಲದಲ್ಲಿ ಇಲ್ಲಿನವರು ಮನೆಮಂದಿಯೆಲ್ಲ ಮರುಭೂಮಿಗೆ ಬಂದು ಡೇರೆ ಹಾಕುತ್ತಾರೆ. ಅಂಥದ್ದೊಂದು ಡೇರೆ ಕಾಯುವ ಸುಡಾನಿನ ಮುದುಕ ಕೈಬೀಸಿ ಕರೆದು, ಇದ್ದಿಲ ಮೇಲೆ ಕುದಿಯುತ್ತಿದ್ದ ಕಪ್ಪು ಚಹಾ ಕೊಟ್ಟ. ಮೂರು ಜನರ ಸಕ್ಕರೆ ಒಂದೇ ಲೋಟಕ್ಕೆ. ನಾವು ಮೊಟ್ಟೆ, ಕುಬ್ಬೂಸ್ ಕೊಟ್ಟೆವು. ನನ್ನ ಅಡಿಗೆಮನೆಯ ಅರಬಿಯಲ್ಲಿ ತೆಂಕಿಗೆ ಬೆರಳು ತೋರಿಸಿ ಕೇಳಿದೆ: "ಬಹರ್? ಸಮುದ್ರ?"

ಅವನು ಮಂಜನ್ನು ನೋಡಿ ತಲೆಯಾಡಿಸಿದ. "ಅಲ್‌ಯೋಮ್ ಮಾಫಿ. ಬುಕ್ರಾ ಫೀ."

ಇವತ್ತು ಇಲ್ಲ, ನಾಳೆ ಉಂಟು. ಸಮುದ್ರ ಎಂದರೆ ನಮ್ಮೂರ ಮಟನ್ ಅಂಗಡಿಯೇ, ಶುಕ್ರವಾರ ಬಾಗಿಲು ಹಾಕಲು ಎಂದೆ. ಇದನ್ನು ವಾಲ್ಟರ್ ಅವನಿಗೆ ಅರಬಿಯಲ್ಲಿ ತಿರುಗಿಸಿ ಹೇಳಿದ. ಮುದುಕ ಲೋಟ ಕೆಳಗಿಟ್ಟು, ಹೊಟ್ಟೆ ಹಿಡಿದು ನಕ್ಕ. ಅವನ ಬಾಯಲ್ಲಿ ನನ್ನಷ್ಟೂ ಹಲ್ಲಿರಲಿಲ್ಲ. ಅವನ ಹೆಂಡತಿ ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿದೆ. ಅವನೂ ತೆಂಕಿಗೇ ಬೆರಳು ತೋರಿಸಿದ, ಆ ಮಂಜಿನೊಳಗೆ. ಉಳಿದ ಒಂದು ಮೊಟ್ಟೆಯನ್ನೂ ಅವನ ಕೈಗಿಟ್ಟೆ.

ಇನ್ನೂ ಎರಡು ಸಂದು ಸುತ್ತಿ ನೋಡಿದೆ. ಅಂಚಿನಲ್ಲಿ ಕುಳಿತೂ ನೋಡಿದೆ. ಮಂಜು ಅಲ್ಲಾಡಲಿಲ್ಲ. ಇಳಿಯುವಾಗ ಗಂಟು ನಿಜವಾಗಿ ನೋಯಿತು. ವಾಲ್ಟರನ ಭುಜ ಹಿಡಿದು ಅಡ್ಡಡ್ಡ ಇಳಿದೆ. ಅಳಿಯ ಒಳ್ಳೆಯವನೇ, ನಿದ್ದೆ ಜಾಸ್ತಿ, ಅಷ್ಟೇ.

ಕಾರು ಜಹ್ರಾದ ಹತ್ತಿರ ಬರುವಾಗ ಮೂರೂವರೆ ಆಗಿರಬೇಕು. ಪಡುವಣದಲ್ಲಿ ಮೋಡ ಹರಿದು ಬಿಸಿಲು ಬಿತ್ತು. ಹಿಂದಿನ ಗಾಜಿನಲ್ಲಿ ನೋಡಿದರೆ ಗುಡ್ಡೆ ಈ ತುದಿಯಿಂದ ಆ ತುದಿಯವರೆಗೆ ಸ್ವಚ್ಛವಾಗಿ ನಿಂತಿದೆ, ಟೆರೇಸಿನಿಂದ ಕಾಣುತ್ತಿದ್ದ ಅದೇ ಗೆರೆ. ಸಂದುಗಳು ಒಂದೂ ಕಾಣುವುದಿಲ್ಲ. ವಾಲ್ಟರನೂ ಕನ್ನಡಿಯಲ್ಲಿ ನೋಡಿದ. ಕಾರು ನಿಧಾನ ಮಾಡಿದ.

"ಈಗ ಕಾಣಬಹುದು ಮಾಂಯ್. ತಿರುಗಿಸ್ಲಾ?"

ನಾನು ಬಗ್ಗಿ ಬೂಟಿನ ದಾರ ಬಿಚ್ಚಿ, ಒಳಗಿದ್ದ ಕಲ್ಲನ್ನು ಕಿಟಕಿಯಿಂದ ಹೊರಗೆಸೆದೆ.

"ಬೇಡ. ಬ್ಯಾರಿ ನೋಡಿದ್ದಾರಲ್ಲ, ಸಾಕು."