ಒಂದೇ ಗ್ರೂಪು, ಅರ್ಧರ್ಧ ಲಾರಿ

ಗೆಳೆಯರೇ, ತಲೆ ಇನ್ನೂ ಗಿರಗಿರ ಅಂತಿದೆ. ಇವತ್ತು ಸಂಡೂರಿನ ನಮ್ಮ ಅದಿರು ಯಾರ್ಡಿನಲ್ಲಿ ಗೇಟಿಗೆ ಗೊತ್ತಿದ್ದ ಲಾರಿ ತೂಕ ಹಾಕುವ ವೇಬ್ರಿಡ್ಜಿಗೆ ಗೊತ್ತಿಲ್ಲ, ವೇಬ್ರಿಡ್ಜಿಗೆ ಗೊತ್ತಿದ್ದದ್ದು ಗೇಟಿಗೆ ಗೊತ್ತಿಲ್ಲ. ಡ್ರೈವರುಗಳು ಹಾರ್ನ್ ಹೊಡೆದದ್ದೇ ಹೊಡೆದದ್ದು. ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ; ತೆಗೆದು ನೋಡಿದರೆ, ಲಾರಿ ಬಂದ ಮೆಸೇಜ್ ಪಡೆಯುವ ಗೇಟಿನ, ವೇಬ್ರಿಡ್ಜಿನ ಎರಡೂ ಕಂಪ್ಯೂಟರುಗಳನ್ನು ಸೂಪರ್‌ವೈಸರ್ ವೀರಣ್ಣ ಒಂದೇ ಗ್ರೂಪಿಗೆ ಸೇರಿಸಿದ್ದಾರೆ!

“ಎಲ್ಲಾರಿಗೂ ಮುಟ್ಲಿ ಅಂತ ಹಾಕೀನ್ರಿ.”

“ಇದು ವಾಟ್ಸಾಪ್ ಅಲ್ರೀ ವೀರಣ್ಣ. ಇಲ್ಲಿ ಒಂದೇ ಗ್ರೂಪ್‌ನಾಗಿದ್ರ ಒಂದು ಮೆಸೇಜ್ ಒಬ್ರಿಗೇ. ಇಬ್ರಿಗೂ ಬೇಕಂದ್ರ ಬ್ಯಾರೆ ಬ್ಯಾರೆ ಗ್ರೂಪ್ ಮಾಡ್ಬೇಕು.”

“ಕೂಡಿದ್ರ ಅರ್ಧ, ಬ್ಯಾರೆಯಾದ್ರ ಪೂರ್ತಿ? ಇದ್ಯಾವೂರ ನ್ಯಾಯಾರೀ!”

ನಾನು ಗ್ರೂಪ್ ಬೇರೆ ಮಾಡಿದೆ, ಲಾರಿಗಳು ಹೋದವು.

ಸಂಜೆ ನೋಡಿದರೆ ವೀರಣ್ಣ ನಮ್ಮ ಯಾರ್ಡಿನ ವಾಟ್ಸಾಪ್ ಗ್ರೂಪನ್ನೂ ಎರಡು ಮಾಡಿದ್ದಾರೆ. ಎರಡರಲ್ಲೂ ನಾನಿದ್ದೇನೆ. ಗುಡ್ ಈವನಿಂಗ್ ಗುಲಾಬಿ ಎರಡು ಸಲ ಬಂದು ಮುಟ್ಟಿದೆ.