ಅಪ್ಪ ಮಗಳನ್ನು ಯವ್ವಾ ಅಂದದ್ದು

ಕನ್ನಡ ಸಿನಿಮಾವನ್ನು ಉಳಿಸಿ ಬೆಳೆಸಬೇಕು ಅಂತ ಯಾರಾದರೂ ಮೈಕಿನ ಮುಂದೆ ನಿಂತರೆ ನನಗೀಗ ಮೈ ಉರಿಯುತ್ತದೆ. ಮೊದಲು ಹೀಗಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ನಾನೇ.

ನಾನು ಜೇವರ್ಗಿಯವಳು. ಸಾಲಿಯಲ್ಲಿ ಪಾಠ ಹೇಳುತ್ತ, ರಜೆಗಳನ್ನೆಲ್ಲ ಕೂಡಿಹಾಕಿ ಒಂದು ಸಿನಿಮಾ ಮಾಡಿದೆ. ಅಫಜಲಪುರದ ಒಬ್ಬ ಅಪ್ಪ, ಕಾಲೇಜು ಓದುವ ಮಗಳು, ಅವರಿಬ್ಬರ ಮುನಿಸು, ಅಷ್ಟೇ ಕಥೆ. ಅಪ್ಪನ ಪಾತ್ರಕ್ಕೆ ಸಿಕ್ಕವರು ನಿವೃತ್ತ ಬಸ್ ಕಂಡಕ್ಟರು. ಆಳಂದದ ದಾರಿಯಲ್ಲಿ ವರ್ಷಗಟ್ಟಲೆ ಮಂದಿಯನ್ನು ಗದರಿ ಗದರಿ ಅವರ ಗಂಟಲು ಒಡೆದುಹೋಗಿತ್ತು. ಆ ಒಡಕು ದನಿಗೇ ನಾನು ಮನಸೋತದ್ದು.

ಒಂದು ದೃಶ್ಯದಲ್ಲಿ ಮಗಳು ಊಟ ಬಿಟ್ಟು ಕೂತಿದ್ದಾಳೆ, ಅಪ್ಪ ರೊಟ್ಟಿ ಮುರಿದು ಅವಳ ಬಾಯಿಗೆ ಹಿಡಿಯುತ್ತಾನೆ. "ಮಗಳೇ, ಒಂದು ತುತ್ತು ತಿನ್ನು" ಅಂತ ನಾನು ಬರೆದಿದ್ದೆ. ಕಂಡಕ್ಟರು ಹಾಳೆಯನ್ನು ದೂರ ಹಿಡಿದು ಓದಿ, ನನ್ನ ಮುಖ ನೋಡಿದರು.

"ಮೇಡಂ, ಮಗಳಿಗಿ ಮಗಳೇ ಅಂತ ಯಾರ್ ಕರೀತಾರ್ರಿ? ನಿಮ್ಮ ಮನ್ಯಾಗ ಕರೀತಿದ್ರೇನ್ರಿ?"

ಇಲ್ಲ. ನಮ್ಮಪ್ಪ ಸಾಯುವವರೆಗೂ ನನ್ನನ್ನು ಯವ್ವಾ ಅಂತಲೇ ಕರೆದ. ಹೆತ್ತ ಮಗಳನ್ನು ಅವ್ವ ಅಂತ ಕರೆಯುವುದು ನಮ್ಮ ಕಡೆಯ ಅಕ್ಕರೆ. ಅದನ್ನು ಮರೆತು, ಸಿನಿಮಾ ನೋಡಿ ಕಲಿತ ಮಾತನ್ನು ಬರೆದಿದ್ದೆನಲ್ಲ ಅಂತ ನಾಚಿಕೆಯಾಯಿತು. ಅವರು ಹಾಳೆ ಮಡಚಿಟ್ಟು ತಮ್ಮದೇ ಮಾತು ಆಡಿದರು: "ಯವ್ವಾ, ಒಂದ್ ತುತ್ತು ಉಣ್ಣವ್ವ." ಎದುರಿಗೆ ಕೂತ ಹುಡುಗಿ ನಟಿಸುವುದನ್ನು ಬಿಟ್ಟು ನಿಜವಾಗಿಯೇ ಅತ್ತಳು.

ಕನ್ನಡ ಚಿತ್ರಗಳನ್ನು ಗುರುತಿಸಿ ಬೆನ್ನು ತಟ್ಟುವುದಕ್ಕೆಂದೇ ಬೆಂಗಳೂರಿನಲ್ಲಿ ನಡೆಯುವ ಒಂದು ಚಿತ್ರೋತ್ಸವಕ್ಕೆ ಸಿನಿಮಾ ಕಳಿಸಿದೆವು. ಆಯ್ಕೆಯಾದರೆ ದೊಡ್ಡ ಪರದೆ, ಇಲ್ಲದಿದ್ದರೆ ನನ್ನ ಲ್ಯಾಪ್‌ಟಾಪೇ ಗತಿ. ಕೆಲವು ವಾರದ ಮೇಲೆ ಆಯ್ಕೆ ಸಮಿತಿಯ ಒಬ್ಬರು ಫೋನ್ ಮಾಡಿದರು. ತುಂಬ ನಯವಾದ ಮಾತು.

"ಚಿತ್ರ ಚೆನ್ನಾಗಿದೆ ಮೇಡಂ. ಆದ್ರೆ ಅಪ್ಪ ಮಗಳನ್ನ ಅವ್ವ ಅಂತಾನೆ, ಆಕೆ ತಾಯಿಯೋ ಮಗಳೋ ಅಂತ ನಮಗೇ ಗೊಂದಲ ಆಯ್ತು. ಅವರ ದನಿಯೂ ಸ್ವಲ್ಪ ಒರಟು. ಇಲ್ಲಿ ಯಾರಿಂದಾದ್ರೂ ಡಬ್ ಮಾಡಿಸಿ ಶುದ್ಧ ಕನ್ನಡದಲ್ಲಿ ಕಳಿಸಿ, ತಗೋತೀವಿ."

"ನೀವು ಮಗಳಿಗೆ ಬಾರಮ್ಮ ಅನ್ನೋದಿಲ್ಲೇನ್ರಿ?" ಅಂದೆ.

"ಅದು ಬೇರೆ ಬಿಡಿ."

ಫೋನ್ ಇಟ್ಟು ಕಂಡಕ್ಟರಿಗೆ ಹಚ್ಚಿದೆ. ಸಿನಿಮಾ ಅವರದೂ ಹೌದು. ಅವರನ್ನು ಕೇಳದೆ ಈ ಅವಕಾಶ ಕಳೆದುಕೊಳ್ಳುವ ಹಕ್ಕು ನನಗಿರಲಿಲ್ಲ. ಎಲ್ಲ ಕೇಳಿಸಿಕೊಂಡು ಅವರು ನಕ್ಕರು.

"ನನ್ನ ದನಿ ತಗದ್ ಹಾಕ್ರಿ ಮೇಡಂ. ನನ್ನ ಸಲುವಾಗಿ ನಿಮ್ಮ ಸಿನಿಮಾ ಯಾಕ್ ಕೆಡಬೇಕು?"

ಸಿಟ್ಟಿಗೋ ದುಃಖಕ್ಕೋ ನಾನು ಬಿಕ್ಕಿದೆ. ಆ ಕಡೆಯಿಂದ ದನಿ ಮೆತ್ತಗಾಯಿತು.

"ಅಳಾಕತ್ತೀಯೇನ್ ಯವ್ವಾ?"

ಅಪ್ಪ ಹೋದಮೇಲೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಅದೇ ಸಂಜೆ ಸಮಿತಿಗೆ ಬರೆದೆ: ದನಿ ಬದಲಾಗುವುದಿಲ್ಲ, ಮಾತೂ ಬದಲಾಗುವುದಿಲ್ಲ. ಅವರು ಸಿನಿಮಾ ತೆಗೆದುಕೊಳ್ಳಲಿಲ್ಲ.

ಅಫಜಲಪುರದ ಒಂದು ಮದುವೆ ಹಾಲ್‌ನಲ್ಲಿ, ಕಿಟಕಿಗಳಿಗೆ ಕಂಬಳಿ ಕಟ್ಟಿ, ಮಟಮಟ ಮಧ್ಯಾಹ್ನ ತೋರಿಸಿದೆವು. ಕಂಡಕ್ಟರು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ರೊಟ್ಟಿಯ ದೃಶ್ಯ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಕೆ ತಾಯಿಯೋ ಮಗಳೋ ಅಂತ ಒಬ್ಬರೂ ಕೇಳಲಿಲ್ಲ.

ಈ ವರ್ಷ ಅದೇ ಸಿನಿಮಾವನ್ನು ಅದೇ ಸಮಿತಿಗೆ ಮತ್ತೆ ಕಳಿಸಿದ್ದೇನೆ. ಅರ್ಜಿಯಲ್ಲಿ ಚಿತ್ರದ ಭಾಷೆ ಯಾವುದು ಅಂತ ಕೇಳಿದ್ದರು. ಕನ್ನಡ ಅಂತ ಬರೆದಿದ್ದೇನೆ.